ಹೆಸರು ನಿಮ್ಮದು, ಊರು ಯಾರದು?

ಬಸ್ಸಿನಲ್ಲಿ ಪಕ್ಕ ಕೂತವರು ನಮ್ಮ ಕಡೆ ಹೆಸರು ಕೇಳುವುದಿಲ್ಲ. "ಯಾವೂರಾಯ್ತು ತಮ್ದು?" ಅಂತ ಶುರು ಮಾಡುತ್ತಾರೆ. ಊರು ಗೊತ್ತಾದರೆ ಮನೆತನ, ನೆಂಟರು, ಮಳೆ, ಬೆಳೆ ಎಲ್ಲ ಒಂದರ ಹಿಂದೊಂದು ಬರುತ್ತವೆ. ಇಳಿಯುವ ಹೊತ್ತಿಗೆ ನೆನಪಾದರೆ ಹೆಸರು, ಇಲ್ಲದಿದ್ದರೆ ಅದೂ ಇಲ್ಲ. ಹೆಸರಿನ ಮುಂದೆ ಊರನ್ನು ಕಟ್ಟಿಕೊಂಡೇ ತಿರುಗಿದ ಜನ ನಾವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಕಿಕ್ಕೇರಿ ಸುಬ್ಬರಾಯ ನರಸಿಂಹಸ್ವಾಮಿ, ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮಾಸ್ತಿಯವರ ವಿಷಯದಲ್ಲಂತೂ ಮಾಲೂರು ತಾಲ್ಲೂಕಿನ ಊರೇ ಹೆಸರಾಗಿ ನಿಂತು, ಮನುಷ್ಯನ ಹೆಸರು ಹಿಂದೆ ಸರಿಯಿತು. ಕೆ.ಎಸ್.ನ. ಬೆಂಗಳೂರಿನಲ್ಲಿ ಎಷ್ಟೇ ವರ್ಷ ಇದ್ದರೂ ಅವರ 'ಕೆ' ಕಿಕ್ಕೇರಿಯನ್ನು ಬಿಡಲಿಲ್ಲ. ಕಿಕ್ಕೇರಿ ಅದಕ್ಕೆ ಬಾಡಿಗೆಯನ್ನೂ ಕೇಳಲಿಲ್ಲ.

ಈ ಅಭ್ಯಾಸ ಇರುವವರಿಗೆ ಫೆಡಿವರ್ಸಿನ ವಿಳಾಸ ವಿಚಿತ್ರವಾಗಿ ಕಾಣಬಾರದು. ಮ್ಯಾಸ್ಟಡಾನ್ ಮತ್ತು ಅದರ ಬಳಗದ ತಂತ್ರಾಂಶಗಳು ಸೇರಿ ಆದ ಜಾಲ ಅದು. ಇಡೀ ಜಾಲಕ್ಕೆ ಒಡೆಯ ಅಂತ ಒಬ್ಬನಿಲ್ಲ. ಸಾವಿರಾರು ಸರ್ವರುಗಳಿವೆ, ಎಷ್ಟೋ ಸರ್ವರುಗಳನ್ನು ಯಾರೋ ತಮ್ಮ ಕಾಸಿನಲ್ಲಿ, ತಮ್ಮ ಬಿಡುವಿನಲ್ಲಿ ನಡೆಸುತ್ತಾರೆ, ಮತ್ತು ಅವೆಲ್ಲ ಆಕ್ಟಿವಿಟಿಪಬ್ ಎಂಬ ಒಂದೇ ಕಟ್ಟಳೆಯಲ್ಲಿ ಪರಸ್ಪರ ಮಾತಾಡಿಕೊಳ್ಳುತ್ತವೆ. ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಆ ಕಟ್ಟಳೆಗೆ 2018ರ ಜನವರಿಯಲ್ಲಿ ಮುದ್ರೆ ಒತ್ತಿತು. ಅಲ್ಲಿ ಖಾತೆಯ ಹ್ಯಾಂಡಲ್ಲಿಗೆ ಎರಡು ತುಂಡು: ಮೊದಲು ನೀವು ಇಟ್ಟುಕೊಂಡ ಹೆಸರು, ನಡುವೆ ಒಂದು ಎಟ್ ಗುರುತು, ಆಮೇಲೆ ನೀವಿರುವ ಸರ್ವರಿನ ಹೆಸರು. 1971ರಲ್ಲಿ ರೇ ಟಾಮ್ಲಿನ್ಸನ್ ಇಮೇಲಿಗೆ ಆ ಗುರುತನ್ನು ಆರಿಸಿದಾಗಲೂ ಅದು ಹೇಳುತ್ತಿದ್ದದ್ದು ಇಷ್ಟೇ, ಇಂಥವರು ಇಂಥ ಯಂತ್ರದಲ್ಲಿದ್ದಾರೆ. ಟ್ವಿಟರು, ಇನ್‌ಸ್ಟಾಗ್ರಾಮು ಬಂದ ಮೇಲೆ ಊರು ಹೇಳುವುದನ್ನೇ ಮರೆತೆವು. ಒಂದೇ ಊರು, ಒಬ್ಬನೇ ಗೌಡ ಇರುವಲ್ಲಿ ಯಾವೂರು ಅಂತ ಯಾರು ಕೇಳುತ್ತಾರೆ?

ಭಾರತದ ಮಟ್ಟಿಗೆ ಆ ಪ್ರಶ್ನೆ ಮತ್ತೆ ಕೇಳಿಬಂದದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ನಾಜಿ ಕಾಲದ ಜರ್ಮನಿಯಲ್ಲಿ ಎಲ್ಲರೂ ಕೈ ಎತ್ತಿ ಸೆಲ್ಯೂಟ್ ಹೊಡೆಯುವಾಗ ಕೈಕಟ್ಟಿ ನಿಂತ ಒಬ್ಬನ ಪ್ರಸಿದ್ಧ ಚಿತ್ರವನ್ನು ಅವರು ಹಾಕಿಕೊಂಡಿದ್ದೂ ಆ ಜಗಳದಲ್ಲಿ ಸೇರಿತ್ತು. ಸಿಟ್ಟಾದವರು ಗುಂಪುಗುಂಪಾಗಿ ಮ್ಯಾಸ್ಟಡಾನಿಗೆ ಬಂದರು. ಬಂದವರಿಗೆ ಎದುರಾದ ಮೊದಲ ತೊಡಕು ರಾಜಕೀಯದ್ದಲ್ಲ. ಯಾವ ಸರ್ವರಿಗೆ ಸೇರಿಕೊಳ್ಳಬೇಕು ಅನ್ನುವುದೇ ತೊಡಕು. ಪಟ್ಟಿಯಲ್ಲಿ ಮೇಲೆ ಕಂಡದ್ದನ್ನು ಒತ್ತಿ ಒಳಗೆ ಹೋದವರೇ ಹೆಚ್ಚಿರಬೇಕು. ಇವತ್ತಿಗೂ ಹಾಗೆಯೇ. ಹ್ಯಾಂಡಲ್ ಆರಿಸುವವರು ತಲೆ ಕೆಡಿಸಿಕೊಳ್ಳುವುದೆಲ್ಲ ಮೊದಲ ತುಂಡಿಗೆ: ಸ್ವಂತ ಹೆಸರೋ ಕಾವ್ಯನಾಮವೋ, ಅಡಿಗೆರೆ ಬೇಕೋ ಬೇಡವೋ, ಹುಟ್ಟಿದ ಇಸವಿ ಸೇರಿಸಿದರೆ ವಯಸ್ಸು ಗೊತ್ತಾಗಿಬಿಡುತ್ತದೋ ಏನೋ. ಎರಡನೆಯ ತುಂಡಿನ ಬಗ್ಗೆ ಯೋಚನೆಯೇ ಇಲ್ಲ. ಹೆಸರು ಎಷ್ಟು ದಿನ ಉಳಿಯುತ್ತದೆ ಅನ್ನುವುದು ಮಾತ್ರ ಆ ಎರಡನೆಯ ತುಂಡಿನಲ್ಲೇ ನಿರ್ಧಾರವಾಗಿರುತ್ತದೆ.

ಹಾಗಂತ ಮೊದಲ ತುಂಡು ಸಲೀಸು ಅಂತಲ್ಲ, ಕನ್ನಡದಲ್ಲಿ ಬರೆಯುವವರಿಗಂತೂ ಅಲ್ಲ. ಮ್ಯಾಸ್ಟಡಾನ್ ಖಾತೆಯ ಹೆಸರಿಗೆ ರೋಮನ್ ಲಿಪಿಯ 26 ಅಕ್ಷರ, 10 ಅಂಕಿ, ಒಂದು ಅಡಿಗೆರೆ ಇಷ್ಟನ್ನೇ ಒಪ್ಪುತ್ತದೆ, ಉದ್ದ 30 ಮೀರಬಾರದು. ನನ್ನ ಅಕ್ಕನ ಮಗ ನನ್ನ ಬ್ಲಾಗಿಗೊಂದು ಖಾತೆ ತೆರೆದುಕೊಡಲು ಕೂತಿದ್ದ.

"ಮಾವ, ಹೆಸರು ಏನ್ ಹಾಕ್ಲಿ?"

"ಬ್ಲಾಗಿಗೆ ಹೆಸರಿದೆಯಲ್ಲೋ, ಹಳ್ಳಿಮಾತು ಅಂತ. ಅದನ್ನೇ ಹಾಕು."

"ಕನ್ನಡ ಅಕ್ಷರ ತಗೊಳ್ಳಲ್ಲ ಇದು." ಇಂಗ್ಲಿಷಿನಲ್ಲಿ ಕುಟ್ಟಿದ. ತಾನೇ ಓದಿಕೊಂಡು ನಕ್ಕ. "ಹಲ್ಲಿಮಾತು ಅಂತಾಗ್ತಿದೆ ಮಾವ."

ಆ ಲಿಪಿಯಲ್ಲಿ ಳಕಾರ ಇಲ್ಲದ್ದಕ್ಕೆ ನಾನು ಗೋಡೆಯ ಮೇಲಿನ ಹಲ್ಲಿಯಾದೆ. ಬೇಜಾರೇನಿಲ್ಲ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಅಂತ ನಂಬುವ ನಾಡು ನಮ್ಮದು, ಅಂಕಣಕಾರನಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಪರದೆಯಲ್ಲಿ ದೊಡ್ಡದಾಗಿ ಕಾಣುವ ಹೆಸರನ್ನು ಬೇಕಾದರೆ ಕನ್ನಡದಲ್ಲಿ ಬರೆಯಬಹುದು, ದಿನಕ್ಕೊಂದು ಸಲ ಬದಲಿಸಲೂಬಹುದು, ಯಾರೂ ಕೇಳುವುದಿಲ್ಲ. ಬದಲಿಸಲಾಗದ್ದು ಅದರ ಕೆಳಗೆ ಬೂದು ಬಣ್ಣದಲ್ಲಿರುವ, ನಮ್ಮದಲ್ಲದ ಲಿಪಿಯ ಸಾಲು. ನಮಗೆ ಹತ್ತಿರವಾದದ್ದು ಸಡಿಲ, ದೂರದ್ದು ಬಿಗಿ. ಕುವೆಂಪು ಮೊದಮೊದಲು ಕಿಶೋರ ಚಂದ್ರವಾಣಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು, ಆಮೇಲೆ ಅದನ್ನು ಬಿಟ್ಟರು. ಓದುಗರು ಯಾರೂ ಹೊಸದಾಗಿ ಹೆಸರು ನೋಂದಾಯಿಸಿಕೊಂಡು ಅವರ ಹಿಂದೆ ಬರಬೇಕಾಗಲಿಲ್ಲ. ಮ್ಯಾಸ್ಟಡಾನಿನಲ್ಲಿ ಹೆಸರು ಬೇಡವೆನಿಸಿದರೆ ಖಾತೆಯನ್ನೇ ಬಿಟ್ಟು ಇನ್ನೊಂದಕ್ಕೆ ಹೋಗಬೇಕು. ಅಳಿಸಿದ ಹೆಸರನ್ನು ಅದೇ ಸರ್ವರಿನಲ್ಲಿ ಮತ್ತೆ ಯಾರಿಗೂ ಕೊಡುವುದಿಲ್ಲ. ಇದೊಂದು ನಿಯಮ ನನಗೆ ಬಹಳ ಹಿಡಿಸಿತು. ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಗೆ ಅದು ಪೂರ್ತಿ ವಿರುದ್ಧ, ಆದರೂ ಹಿಡಿಸಿತು.

ಬ್ಲಾಗು ನೇರವಾಗಿ ಈ ಜಾಲಕ್ಕೆ ಸೇರುವ ದಾರಿಯೂ ಇದೆ. ವರ್ಡ್‌ಪ್ರೆಸ್ಸಿಗೆ ಆಕ್ಟಿವಿಟಿಪಬ್ ಪ್ಲಗಿನ್ ಹಾಕಿದರೆ ಬ್ಲಾಗಿಗೇ ಒಂದು ಹ್ಯಾಂಡಲ್ ಕೊಡಬಹುದು, ಇಲ್ಲವೇ ಅಲ್ಲಿ ಬರೆಯುವ ಒಬ್ಬೊಬ್ಬರಿಗೂ ಒಂದೊಂದು. ಘೋಸ್ಟ್ ಎಂಬ ತಂತ್ರಾಂಶ 2025ರಲ್ಲಿ ಈ ಸೌಲಭ್ಯ ತಂದಾಗ ಎಲ್ಲ ಬ್ಲಾಗುಗಳಿಗೂ ಮೊದಲೇ ಒಂದು ಹೆಸರು ಇಟ್ಟುಕೊಟ್ಟಿತ್ತು: ಇಂಡೆಕ್ಸ್. ಇಂಡೆಕ್ಸ್, ಎಟ್, ನಿಮ್ಮ ಡೊಮೇನು. ವೆಬ್‌ಸೈಟಿನ ಮೊದಲ ಪುಟದ ಕಡತಕ್ಕೆ ಲಾಗಾಯ್ತಿನಿಂದ ಇರುವ ಹೆಸರು ಅದು. ಅದನ್ನು ಬದಲಿಸದೆ ಹಾಗೇ ಬಿಟ್ಟವರು ಸೋಮಾರಿಗಳು ಅಂತ ಮೊದಲು ಅನ್ನಿಸಿತ್ತು. ಈಗ ಅನ್ನಿಸುವುದು ಬೇರೆ. ಮೊದಲ ತುಂಡಿನಲ್ಲಿ ನಾನು ಅನ್ನುವುದನ್ನೇ ತೆಗೆದುಹಾಕಿ, ಇದ್ದದ್ದೆಲ್ಲ ಊರೇ ಅಂತ ಹೇಳಿದಂತಾಯಿತು. ಅಲ್ಲಿ ಬರೆಯುವವರು ಬದಲಾದರೂ ಆ ಹೆಸರಿಗೆ ಧಕ್ಕೆಯಿಲ್ಲ. ಕೆಲವು ಮಠಗಳ ಪೀಠಕ್ಕೆ ಯಾರು ಬಂದರೂ ಅದೇ ಹೆಸರು ಇರುತ್ತದಲ್ಲ, ಆ ಜಾತಿಯ ಜಾಣತನ.

ಊರಿನ ಕಥೆಗೆ ಬರೋಣ. ಸರ್ವರುಗಳು ಸಾಯುತ್ತವೆ. ನಡೆಸುವವರಿಗೆ ಸಾಕಾಗುತ್ತದೆ, ಮಗು ಹುಟ್ಟುತ್ತದೆ, ಬಿಲ್ಲು ಏರುತ್ತದೆ, ಜಗಳ ಬಿಡಿಸಿ ಬಿಡಿಸಿ ನಿದ್ದೆ ಹೋಗುತ್ತದೆ. ಮ್ಯಾಸ್ಟಡಾನ್ ಸಂಸ್ಥೆ ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರುಗಳಿಂದ ಒಂದು ಒಪ್ಪಂದ ಮಾಡಿಸಿಕೊಳ್ಳುತ್ತದೆ. ಅದರಲ್ಲಿ ಒಂದು ಮಾತು, ಮುಚ್ಚುವುದಾದರೆ ಕಡೇ ಪಕ್ಷ 3 ತಿಂಗಳು ಮೊದಲೇ ಜನಕ್ಕೆ ತಿಳಿಸಬೇಕು ಅನ್ನುವುದು. ಸದಾ ಇರುತ್ತೇವೆ ಅಂತ ಭರವಸೆ ಕೊಡುವ ಕಂಪನಿಗಳನ್ನು ನೋಡಿದ್ದೇನೆ. ಹೋಗುವಾಗ ಹೇಗೆ ಹೋಗುತ್ತೇವೆ ಅಂತ ಬಾಗಿಲಲ್ಲೇ ಬರೆದಿಟ್ಟವರು ಕಡಿಮೆ. ನಮ್ಮಲ್ಲಿ ಹೋಲಿಸಲು ಹತ್ತಿರದ ಉದಾಹರಣೆ ಇದೆ. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾಗಿ, ಮೊದಲು ಕನ್ನಡದಲ್ಲೇ ಬಾಯಿಬಿಟ್ಟ ಕೂ ಎಂಬ ಸಾಮಾಜಿಕ ಜಾಲ 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಕನ್ನಡದಲ್ಲಿ ಬರೆದವರ ಹ್ಯಾಂಡಲ್ಲುಗಳು ಹೋದವು. ಒಂದೇ ಊರಿನ ವ್ಯವಸ್ಥೆಯಲ್ಲಿ ಊರು ಮುಚ್ಚಿದರೆ ಗಂಟು ಹೊತ್ತು ಹೋಗಲು ಪಕ್ಕದ ಊರೂ ಇರುವುದಿಲ್ಲ.

ಫೆಡಿವರ್ಸಿನಲ್ಲಿ ಪಕ್ಕದ ಊರು ಇದೆ. ಹೋಗುವ ಕ್ರಮವೂ ಇದೆ. ಹೊಸ ಸರ್ವರಿನಲ್ಲಿ ಖಾತೆ ತೆರೆದು, ಅಲ್ಲಿ ಮೊದಲು 'ಹಳೆಯ ಇಂಥವರೇ ನಾನು' ಅಂತ ದಾಖಲಿಸಬೇಕು. ಆಮೇಲೆ ಹಳೆಯ ಮನೆಗೆ ವಾಪಸು ಬಂದು 'ನಾನು ಅಲ್ಲಿಗೆ ಹೋದೆ' ಅಂತ ಸಾರಬೇಕು. ಎರಡು ಕಡೆಯ ಮಾತೂ ತಾಳೆಯಾದರೆ ಹಿಂಬಾಲಕರು ತಾವಾಗಿ ಹೊಸ ವಿಳಾಸಕ್ಕೆ ಬರುತ್ತಾರೆ. ಬರೆದದ್ದು ಬರುವುದಿಲ್ಲ. ಹಳೆಯ ಬರಹಗಳೆಲ್ಲ ಹಳೆಯ ಮನೆಯಲ್ಲೇ ಉಳಿಯುತ್ತವೆ, ಮನೆ ಬಿದ್ದರೆ ಅವೂ ಹೋಗುತ್ತವೆ. ಸಂಬಂಧ ಉಳಿದು ಮಾತು ಹೋಗುವ ಈ ಏರ್ಪಾಡಿನ ಬಗ್ಗೆ ಬಹಳ ಜನ ಗೊಣಗುತ್ತಾರೆ. ನನಗೆ ಅದು ಅಷ್ಟು ಕೆಟ್ಟದ್ದಾಗಿ ತೋರಿಲ್ಲ, ಬದುಕಿನಲ್ಲಿ ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು: ಪತ್ರಗಳು ಟ್ರಂಕಿನಲ್ಲಿ ಉಳಿದಿರುತ್ತವೆ, ಬರೆದವರ ಜೊತೆ ಮಾತು ಬಿಟ್ಟು ವರ್ಷಗಳಾಗಿರುತ್ತವೆ. ಒಂದು ಷರತ್ತು ಮಾತ್ರ ನಿರ್ದಯ. ಸಾರುವ ಕೆಲಸ ಹಳೆಯ ಮನೆಯಿಂದಲೇ ಆಗಬೇಕು. ಸರ್ವರು ಆಗಲೇ ನಿಂತುಹೋಗಿದ್ದರೆ ನೀವು ನೀವೇ ಅಂತ ಹೇಳಲು ಯಾರೂ ಇರುವುದಿಲ್ಲ.

ಸರಿಯಾಗಿ ಸಾಯುವುದೂ ಸುಲಭವಲ್ಲ. ಮ್ಯಾಸ್ಟಡಾನ್ ಸರ್ವರನ್ನು ಶಾಶ್ವತವಾಗಿ ಮುಚ್ಚಲು ಒಂದು ಆಜ್ಞೆ ಇದೆ, ಹೆಸರು ಸೆಲ್ಫ್‌-ಡಿಸ್ಟ್ರಕ್ಟ್. ಗುಂಡಿ ಒತ್ತಿದ ತಕ್ಷಣ ಕತ್ತಲೆಯಾಗುವುದಿಲ್ಲ. ಅದು ಮೊದಲು ನಿರ್ವಾಹಕರಿಗೆ ಸರ್ವರಿನ ಡೊಮೇನು ಹೆಸರನ್ನು ಕೈಯಾರೆ ಟೈಪು ಮಾಡಿ ಖಚಿತಪಡಿಸಿ ಅನ್ನುತ್ತದೆ. ಅಷ್ಟು ವರ್ಷ ನಡೆಸಿದ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಒಮ್ಮೆ ಬರೆಯಬೇಕು. ಬರೆದ ಮೇಲೆ ಸರ್ವರು ತನ್ನಲ್ಲಿದ್ದ ಒಬ್ಬೊಬ್ಬರ ಪರವಾಗಿಯೂ ತನಗೆ ಗೊತ್ತಿರುವ ಸರ್ವರುಗಳಿಗೆಲ್ಲ 'ಇವರನ್ನು ಅಳಿಸಿಬಿಡಿ' ಅಂತ ಸಂದೇಶ ಕಳಿಸತೊಡಗುತ್ತದೆ. ಆ ಸಾಲು ಖಾಲಿಯಾಗುವ ತನಕ ಅದು ನಡೆಯುತ್ತಲೇ ಇರಬೇಕು, ಅಂದರೆ ಸಾಯುವ ಕೆಲಸ ಮುಗಿಯುವವರೆಗೂ ಕರೆಂಟು ಬಿಲ್ಲು ಕಟ್ಟಬೇಕು. ಇದನ್ನು ಮಾಡದೆ ಒಂದು ದಿನ ಸುಮ್ಮನೆ ಪ್ಲಗ್ ಕಿತ್ತವರ ಸರ್ವರಿನ ಜನ ಉಳಿದ ಕಡೆಯೆಲ್ಲ ಹಾಗೇ ಇದ್ದುಬಿಡುತ್ತಾರೆ. ಬೇರೆ ಸರ್ವರುಗಳ ಕಡತದಲ್ಲಿ ಅವರ ಹೆಸರು, ಚಿತ್ರ, ಹಿಂದಿನ ಮಾತುಗಳ ನಕಲು. ನೀವು ಅವರಿಗೆ ಉತ್ತರ ಬರೆಯಬಹುದು. ನಿಮ್ಮ ಸರ್ವರು ಅದನ್ನು ಹೊತ್ತುಕೊಂಡು ಹೋಗಿ, ಬಾಗಿಲಿಲ್ಲದ ಜಾಗದಲ್ಲಿ ಕೆಲವು ಸಲ ತಟ್ಟಿ, ವಾಪಸು ಬಂದು, ನಿಮಗೆ ಏನೂ ಹೇಳದೆ ಸುಮ್ಮನಾಗುತ್ತದೆ.

ಇಷ್ಟೆಲ್ಲ ಕೇಳಿದವರು ಕೊಡುವ ಬುದ್ಧಿವಾದ ಒಂದೇ: ಸ್ವಂತ ಡೊಮೇನು ತೆಗೆದುಕೊಳ್ಳಿ. ಬಾಡಿಗೆ ಊರಿನ ಉಸಾಬರಿ ಬೇಡ, ನಿಮ್ಮದೇ ಊರು ಕಟ್ಟಿ. ಒಳ್ಳೆಯ ಬುದ್ಧಿವಾದ, ನಾನೂ ಅದನ್ನೇ ಪಾಲಿಸಿದ್ದೇನೆ. ಆದರೆ ಸ್ವಂತ ಅನ್ನುವ ಮಾತನ್ನು ಅಲ್ಲಿ ಸ್ವಲ್ಪ ಹುಷಾರಾಗಿ ಓದಬೇಕು. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ 10 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಯಾರಿಗೂ ಕೊಡುವುದಿಲ್ಲ. ನಮ್ಮ ರಾಜರು ಹಳ್ಳಿಯೊಂದನ್ನು ದತ್ತಿ ಬಿಡುವಾಗ ಆಚಂದ್ರಾರ್ಕ ಅಂತ ಕಲ್ಲಿನಲ್ಲಿ ಕೊರೆಸಿ, ತಪ್ಪಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. ಇಲ್ಲಿ ಸೂರ್ಯಚಂದ್ರರ ಬದಲು ಕ್ರೆಡಿಟ್ ಕಾರ್ಡು. ನವೀಕರಣ ತಪ್ಪಿದರೆ ಒಂದಿಷ್ಟು ರಿಯಾಯಿತಿ ದಿನ, ಅದೂ ಕಳೆದರೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನ ಅದು ಯಾರಿಗೂ ಸೇರದ ಸ್ಥಿತಿಯಲ್ಲಿರುತ್ತದೆ, ಆರನೆಯ ದಿನ ಮೊದಲು ಕೈಚಾಚಿದವರದ್ದು.

ಡೊಮೇನಿನ ಬಾಲದ ಎರಡಕ್ಷರ ಒಂದು ದೇಶದ್ದಾಗಿದ್ದರೆ ಇನ್ನೊಂದು ಪದರ ಸೇರುತ್ತದೆ. ಕ್ವಿಯರ್ ಡಾಟ್ ಎಎಫ್ ಎಂಬ ಮ್ಯಾಸ್ಟಡಾನ್ ಸರ್ವರೊಂದಿತ್ತು. ಇಂಗ್ಲಿಷ್ ಆಡುಮಾತಿನ ಒಂದು ತುಂಟ ಸಂಕ್ಷೇಪಕ್ಕೆ ಹೊಂದುತ್ತದೆಂದು ಆರಿಸಿದ ಬಾಲ ಅದು. ಆ ಎರಡಕ್ಷರ ಅಫ್ಘಾನಿಸ್ತಾನದ್ದು. 2021ರಲ್ಲಿ ಕಾಬೂಲು ತಾಲಿಬಾನಿನ ವಶವಾಯಿತು. 2024ರ ಫೆಬ್ರುವರಿಯಲ್ಲಿ ಅಲ್ಲಿನ ಸಚಿವಾಲಯ ಆ ಹೆಸರನ್ನು ತಡೆಹಿಡಿಯಿತು. ಯಂತ್ರ ಎಲ್ಲಿತ್ತೋ ಅಲ್ಲೇ ಇತ್ತು, ಬರಹಗಳಿಗೆ ಏನೂ ಆಗಿರಲಿಲ್ಲ, ಜನ ಕ್ಷೇಮ. ಕರೆಯಲು ಹೆಸರು ಮಾತ್ರ ಇರಲಿಲ್ಲ. ಅದಕ್ಕೂ ಮೊದಲು 2023ರ ಜುಲೈನಲ್ಲಿ ಮಾಲಿ ದೇಶ ಡಾಟ್ ಎಂಎಲ್ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಾಗ ಬಿಟ್ಟಿಯಾಗಿ ಸಿಕ್ಕಿದ್ದ ಹೆಸರುಗಳನ್ನು ಕಳೆದುಕೊಂಡವರಲ್ಲಿ ಇದೇ ಜಾಲದ ಲೆಮ್ಮಿ ಎಂಬ ತಂತ್ರಾಂಶದ ಸರ್ವರೂ ಒಂದು. ತಂತ್ರಜ್ಞಾನ ಕಂಪನಿಗಳಿಗೆ ಅಚ್ಚುಮೆಚ್ಚಿನ ಡಾಟ್ ಐಒ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದ್ದು. ಆ ದ್ವೀಪಗಳನ್ನು ಮಾರಿಷಸ್ಸಿಗೆ ಬಿಟ್ಟುಕೊಡುವುದಾಗಿ 2024ರ ಅಕ್ಟೋಬರಿನಲ್ಲಿ ಬ್ರಿಟನ್ ಸಾರಿದ್ದೇ ತಡ, ಎಷ್ಟೋ ಜನ ಗಾಬರಿಯಾಗಿ ನಕ್ಷೆ ಬಿಚ್ಚಿ ತಮ್ಮ ವಿಳಾಸ ಎಲ್ಲಿದೆ ಅಂತ ಹುಡುಕಿದರು.

ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಪಟ್ಟಿಯಿಂದಲೇ ಹೋಯಿತು. ದೇಶ ಹೋದ ಮೇಲೂ ಕೆಲವು ವರ್ಷ ಉಸಿರಾಡಿ ಹೋಯಿತು ಅನ್ನಬೇಕು. ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಹುಟ್ಟಿದ್ದು 1990ರ ಸೆಪ್ಟೆಂಬರಿನಲ್ಲಿ. ಮರುವರ್ಷದ ಡಿಸೆಂಬರಿಗೆ ಒಕ್ಕೂಟವೇ ಇರಲಿಲ್ಲ, ಆ ಬಾಲ ಆಮೇಲೂ ದಶಕಗಳ ಕಾಲ ಹೊಸ ಹೆಸರುಗಳನ್ನು ನೋಂದಾಯಿಸಿಕೊಳ್ಳುತ್ತ ಬಂತು. ಯಾವುದು ಮೊದಲು ಹೋಗುತ್ತದೆ, ಹೆಸರೋ ಹೆಸರಿಟ್ಟುಕೊಂಡದ್ದೋ, ಅನ್ನುವುದಕ್ಕೆ ಇಲ್ಲಿ ನಿಯಮವಿಲ್ಲ. ನಮ್ಮ ಕನ್ನಂಬಾಡಿ ಎಂಬ ಊರು ಕೃಷ್ಣರಾಜಸಾಗರದ ನೀರಿನಡಿ ಹೋಯಿತು. ಜನ ಮಾತ್ರ ಇವತ್ತಿಗೂ ಆ ಅಣೆಕಟ್ಟನ್ನು ಕನ್ನಂಬಾಡಿ ಕಟ್ಟೆ ಅನ್ನುತ್ತಾರೆ. ಮುಳುಗಿದ ಊರಿನ ಹೆಸರು ಮುಳುಗಿಸಿದ ಕಟ್ಟೆಯ ಮೇಲೇರಿ ಕೂತಿತು. ಬಾಯಿಂದ ಬಾಯಿಗೆ ಹೋಗುವ ಹೆಸರಿಗೆ ಇಂಥ ಉಪಾಯ ಗೊತ್ತು, ಡೊಮೇನು ಹೆಸರುಗಳನ್ನು ಹುಡುಕಿಕೊಡುವ ಡಿಎನ್‌ಎಸ್ಸಿಗೆ ಗೊತ್ತಿಲ್ಲ. ಅದು ಕೇಳಿದ್ದಕ್ಕೆ ಉಂಟು ಅಥವಾ ಇಲ್ಲ ಅನ್ನುತ್ತದೆ, ಅಷ್ಟೇ. ಅದಕ್ಕೆ ಕನ್ನಡವೂ ಬರುವುದಿಲ್ಲ. ಡಾಟ್ ಭಾರತ ಎಂಬ ಬಾಲವನ್ನು ಕನ್ನಡ ಲಿಪಿಯಲ್ಲೇ ಪಡೆಯಬಹುದು ನಿಜ, ಆದರೆ ಯಂತ್ರದೊಳಗೆ ಅದು ಎಕ್ಸ್‌ಎನ್, ಎರಡು ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ ಎಂಬ ರೋಮನ್ ಅಕ್ಷರಗಳ ವೇಷದಲ್ಲಿ ಓಡಾಡುತ್ತದೆ.

ಹಾಗಾದರೆ ಅಳಿಯದ ಹೆಸರು ಇಲ್ಲವೇ? ಇದೆ, ಅದನ್ನೂ ಮಾಡಿದ್ದಾರೆ. ಬ್ಲೂಸ್ಕೈ ಜಾಲದಲ್ಲಿ ಹೊರಗೆ ಕಾಣಿಸುವ ಹ್ಯಾಂಡಲ್ ಒಂದು ಡೊಮೇನು. ಅದನ್ನು ಬೇಕಾದಾಗ ಬದಲಿಸಿ, ಹಿಂಬಾಲಕರು ಕದಲುವುದಿಲ್ಲ, ಏಕೆಂದರೆ ಅವರು ಹಿಡಿದುಕೊಂಡಿರುವುದು ಅದರ ಹಿಂದಿರುವ ಇನ್ನೊಂದು ಗುರುತನ್ನು. ಡಿಐಡಿ ಅನ್ನುತ್ತಾರೆ. ಅದರಲ್ಲಿ ಮೊದಲ ಕೆಲವು ಅಕ್ಷರ ಬಿಟ್ಟರೆ ಉಳಿದ 24 ಅಕ್ಷರ ಅಂಕಿಗಳಿಗೆ ಅರ್ಥವೇ ಇಲ್ಲ. ಡೊಮೇನಿನ ತಾಳೆ ತಪ್ಪಿದರೆ ಹೆಸರಿದ್ದ ಜಾಗದಲ್ಲಿ 'ಅಮಾನ್ಯ ಹ್ಯಾಂಡಲ್' ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ, ಮನುಷ್ಯ ಹಾಗೇ ಇರುತ್ತಾನೆ. ಈ ಶಾಶ್ವತ ಗುರುತಿನ ಮುಖ್ಯ ಬಗೆಗೆ ಪಿಎಲ್‌ಸಿ ಅಂತ ಹೆಸರು. ಕಟ್ಟಿದವರು ಮೊದಲು ಆ ಮೂರಕ್ಷರ ಇಟ್ಟದ್ದು ಪ್ಲೇಸ್‌ಹೋಲ್ಡರ್ ಅನ್ನುವುದಕ್ಕೆ, ಅಂದರೆ ಸದ್ಯಕ್ಕೆ ಇರಲಿ, ಮುಂದೆ ಒಳ್ಳೆಯದು ಬಂದಾಗ ತೆಗೆಯೋಣ ಅಂತ. ತೆಗೆಯಲಿಲ್ಲ. ಲಕ್ಷಾಂತರ ಖಾತೆಗಳು ಅದರ ಮೇಲೆ ನಿಂತ ಮೇಲೆ ಆ ಮೂರಕ್ಷರಕ್ಕೆ ಬೇರೆ ಗಂಭೀರವಾದ ವಿಸ್ತರಣೆ ಹುಡುಕಿಕೊಟ್ಟರು. ಟೆಂಪರರಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತರಾದ ಎಷ್ಟು ಜನ ಗುಮಾಸ್ತರನ್ನು ನೋಡಿಲ್ಲ ನಾವು! ನಾಸ್ಟರ್ ಎಂಬ ಜಾಲ ಇನ್ನೂ ಕಟ್ಟುನಿಟ್ಟು. ಅಲ್ಲಿ ಊರೇ ಇಲ್ಲ. 63 ಅಕ್ಷರಗಳ ಒಂದು ಕೀಲಿಯೇ ನೀವು. ಅದರ ಜೋಡಿ ಗುಟ್ಟಿನ ಕೀಲಿ ಕಳೆದುಹೋದರೆ ಹೊಸದು ಕೊಡುವ ಕಚೇರಿ ಈ ಲೋಕದಲ್ಲಿಲ್ಲ.

ಜೂಕೊ ವಿಲ್ಕಾಕ್ಸ್ ಎಂಬ ತಂತ್ರಜ್ಞ 2001ರ ಸುಮಾರಿಗೆ ಹೆಸರುಗಳ ಈ ಇಕ್ಕಟ್ಟನ್ನು ಒಂದು ತ್ರಿಕೋನವಾಗಿ ಹೇಳಿದ್ದರು. ಹೆಸರು ಮನುಷ್ಯರಿಗೆ ಅರ್ಥವಾಗುವಂತಿರಬೇಕು, ಬೇರೆಯವರು ಕದಿಯುವಂತಿರಬಾರದು, ಹಂಚಲು ಮೇಲೊಬ್ಬ ಯಜಮಾನ ಬೇಡ. ಮೂರರಲ್ಲಿ ಎರಡು ಸಿಕ್ಕೀತು, ಮೂರನೆಯದು ಕೈಜಾರುತ್ತದೆ. ಆಮೇಲೆ ಬಂದವರು ಇದಕ್ಕೆ ಪರಿಹಾರ ಸಿಕ್ಕಿತು ಅಂತ ಬ್ಲಾಕ್‌ಚೈನು ಹಿಡಿದು ಬಂದರು, ಆ ವಾದ ಇಲ್ಲಿ ಬೇಡ. ನನಗೆ ಆ ತ್ರಿಕೋನದಲ್ಲಿ ಕಂಡದ್ದು ಬೇರೆ. ಅಳಿಯದ ಗುರುತಿನಿಂದ ಯಾರೂ ಯಾರನ್ನೂ ಕೂಗುವುದಿಲ್ಲ. ನನ್ನ 24 ಅಕ್ಷರದ ಗುರುತು ನನಗೇ ಬಾಯಿಗೆ ಬರುವುದಿಲ್ಲ. ಅದು ಉಳಿಯುವುದು ಯಾರ ನಾಲಿಗೆಯ ಮೇಲೂ ಇಲ್ಲದಿರುವುದರಿಂದಲೇ. ಕೂಗಲು ಬರುವ ಹೆಸರು ಕೂಗುವವರನ್ನು, ಊರನ್ನು, ಬಾಡಿಗೆಯನ್ನು, ಸರಕಾರವನ್ನು ನೆಚ್ಚಿಕೊಂಡಿರುತ್ತದೆ. ಅವುಗಳಲ್ಲಿ ಯಾವುದು ಹೋದರೂ ಅದೂ ಹೋಗುತ್ತದೆ.

ಹೆಸರಿನ ಈ ಪ್ರಶ್ನೆ ಹಳೆಯ ಬೌದ್ಧ ಸಂವಾದವೊಂದರಲ್ಲೂ ಬರುತ್ತದೆ. ಅಲ್ಲಿ ಮಿಲಿಂದ ರಾಜ ಭಿಕ್ಷುವೊಬ್ಬನನ್ನು ಕಂಡ ಕೂಡಲೇ ಹೆಸರು ಕೇಳುತ್ತಾನೆ. ನಾಗಸೇನ ಅಂತ ಕರೆಯುತ್ತಾರೆ, ಆದರೆ ಅದು ಬರೀ ಕರೆಯುವ ಅನುಕೂಲ, ಆ ಹೆಸರಿನ ಹಿಂದೆ ಹಿಡಿಯಲು ಸಿಗುವ ಆಸಾಮಿ ಯಾರೂ ಇಲ್ಲ ಅಂತ ಭಿಕ್ಷು ಉತ್ತರಿಸುತ್ತಾನೆ. ರಥದ ವಾದ ಹುಟ್ಟುವುದು ಅಲ್ಲಿಂದ: ಅಚ್ಚೇ ರಥವೇ, ಗಾಲಿಯೇ ರಥವೇ? ಹ್ಯಾಂಡಲ್ಲಿನ ವಿಷಯಕ್ಕೆ ಈ ಸಂವಾದವನ್ನು ತರುವವರು ಸಾಮಾನ್ಯವಾಗಿ ಹೆಸರು ಮಿಥ್ಯೆ, ಅದಕ್ಕೆ ಯಾಕೆ ಅಂಟಿಕೊಳ್ಳುತ್ತೀರಿ ಅಂತ ಮುಗಿಸುತ್ತಾರೆ. ನನಗೆ ಅಲ್ಲಿ ತೃಪ್ತಿಯಿಲ್ಲ. ನಾಗಸೇನನಿಗೆ ತನ್ನ ಹೆಸರಿನ ಹಂಗು ಇಲ್ಲದಿರಬಹುದು, ರಾಜನಿಗೆ ಇತ್ತಲ್ಲ. ಮರುದಿನ ಅರಮನೆಗೆ ಕರೆತನ್ನಿ ಅಂತ ಆಳನ್ನು ಕಳಿಸಲು ಅವನಿಗೊಂದು ಹೆಸರು ಬೇಕಿತ್ತು. ಹ್ಯಾಂಡಲ್ ಇರುವುದೇ ಬೇರೆಯವರ ಬಳಕೆಗೆ. ಹಾಗಿರುವಾಗ ಅದರ ನಶ್ವರತೆ ನಾನೊಬ್ಬ ಕೂತು ಧ್ಯಾನಿಸಿ ಬಗೆಹರಿಸಿಕೊಳ್ಳುವ ವಿಷಯವಲ್ಲ. ಅದು ನನ್ನನ್ನು ಆ ಹೆಸರಿನಿಂದ ಹುಡುಕುವವರಿಗೆ ಆಗುವ ತೊಂದರೆ. ಆದ್ದರಿಂದ ಹೆಸರು ಆರಿಸುವಾಗ ಎಷ್ಟು ದಿನ ಉಳಿಯುತ್ತದೆ ಅನ್ನುವುದಕ್ಕಿಂತ, ಹೋಗುವಾಗ ಯಾರ ಕೈಯಿಂದ ಏನು ಕಿತ್ತುಕೊಂಡು ಹೋಗುತ್ತದೆ ಅಂತ ಕೇಳಿಕೊಳ್ಳುವುದು ನನಗೆ ಸರಿ ಕಂಡಿದೆ. ತುಂಟ ಬಾಲದ ಆಸೆಗೆ ಬಿದ್ದು ಗೊತ್ತಿಲ್ಲದ ದೇಶದ ಎರಡಕ್ಷರ ಹಿಡಿಯಬಾರದು. ಬಾಡಿಗೆ ಸರ್ವರಾದರೆ ಮುಚ್ಚುವ ಬಗ್ಗೆ ಏನು ಬರೆದಿದ್ದಾರೆ ಅಂತ ಸೇರುವ ಮೊದಲೇ ಓದಬೇಕು, ಏನೂ ಬರೆದಿಲ್ಲದಿದ್ದರೆ ಮುಂದಿನ ಬಾಗಿಲು. ಮನೆ ನಿಂತಿರುವಾಗಲೇ ಬಿಡಬೇಕು.

ಸ್ವಂತ ಡೊಮೇನಿನವರಿಗೆ ಇನ್ನೊಂದು ಜವಾಬ್ದಾರಿ ಇದೆ, ಅದನ್ನು ಹೇಳುವವರು ಕಡಿಮೆ. ನಾನು ಕಟ್ಟುವುದನ್ನು ನಿಲ್ಲಿಸಿ, ಆ ಆರನೆಯ ದಿನ ಯಾರೋ ನನ್ನ ಡೊಮೇನನ್ನು ಕೊಂಡು, ಅಲ್ಲೊಂದು ಸರ್ವರು ಎಬ್ಬಿಸಿ, ಹಳ್ಳಿಮಾತು ಅಂತಲೇ ಖಾತೆ ತೆರೆದರೆ? ಬ್ಲೂಸ್ಕೈಯಲ್ಲಾದರೆ ಹಿಂದಿನ ಗುರುತು ಬೇರೆಯಾದ್ದರಿಂದ ನನ್ನ ಹಿಂಬಾಲಕರು ಅವರ ಪಾಲಾಗುವುದಿಲ್ಲ. ಫೆಡಿವರ್ಸಿನಲ್ಲಿ ಹೆಸರು ಮತ್ತು ಊರು ಸೇರಿದರೆ ಅದೇ ಮನುಷ್ಯ. ಹಳೆಯ ಗೆಳೆಯರ ಕಣ್ಣಿಗೆ ನಾನು ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಬಾಯಿಬಿಟ್ಟಂತೆ ಕಾಣುತ್ತದೆ. ಅದನ್ನು ತಪ್ಪಿಸಬೇಕಾದರೆ ಬರೆಯುವುದು ನಿಂತ ಮೇಲೂ, ಬರೆಯುವವನು ಹೋದ ಮೇಲೂ, ಒಂದಷ್ಟು ವರ್ಷ ಊರಿನ ಬಾಡಿಗೆ ಕಟ್ಟುತ್ತ ಇರಬೇಕು, ಒಳಗೆ ಯಾರೂ ಇಲ್ಲದಿದ್ದರೂ. ಅಕ್ಕನ ಮಗನಿಗೆ ಇದನ್ನು ವಿವರಿಸಿದೆ. ಅವನು ಇಂಥ ಮಾತಿಗೆ ಮುಖ ಸಣ್ಣ ಮಾಡಿಕೊಳ್ಳುವವನಲ್ಲ.

"ಎಷ್ಟು ವರ್ಷ ಕಟ್ಲಿ ಮಾವ?"

"ಐದು ಸಾಕು. ಅಷ್ಟರಲ್ಲಿ ನೆನಪಿರೋರೂ ಮರೆತಿರ್ತಾರೆ."

"ಆಮೇಲೆ?"

"ಆಮೇಲೆ ರಮ್ಮಿ ಆಡಿಸೋರು ತಗೊಂಡ್ರೆ ತಗೊಳ್ಳಲಿ ಬಿಡು."

ಅವನು ಡೊಮೇನಿನ ಖಾತೆಗೆ ತನ್ನ ಇಮೇಲನ್ನೂ ಸೇರಿಸಿದ, ನವೀಕರಣದ ಎಚ್ಚರಿಕೆ ಇಬ್ಬರಿಗೂ ಬರಲಿ ಅಂತ. ಆಮೇಲೆ ಆಟೋಪೇ ಪುಟ ತೆರೆದು, ಯಾರ ಕಾರ್ಡು ಅಂತ ನನ್ನ ಮುಖ ನೋಡಿದ. ಸದ್ಯಕ್ಕೆ ನನ್ನದನ್ನೇ ಹಾಕು ಅಂದೆ.